ಧಮ ಒಂಬತ್ತು ಕ್ಷೇತ್ರೇ: ಮೂಡಿಗೆರೆ ಕಡೆಯ ಒಂದು ಬ್ರೈಲ್ ಗೀತೆ

ಮೂಡಿಗೆರೆ ತಾಲೂಕಿನ ಒಂದು ತೋಟದ ಮನೆ. ಅಲ್ಲಿ ಕಣ್ಣು ಕಾಣದ ಒಬ್ಬ ಹೆಂಗಸಿಗೆ ಭಗವದ್ಗೀತೆಯನ್ನು ಕನ್ನಡ ಬ್ರೈಲಿನಲ್ಲಿ ಮಾಡಿಕೊಡಲು ನಾವು ನಾಲ್ಕು ಜನ ಎರಡು ವರ್ಷ ಓಡಾಡಿದೆವು. ಎಲ್ಲಿ ಎಡವಿದೆವು, ಎಲ್ಲಿ ದಾರಿ ಸಿಕ್ಕಿತು ಅನ್ನುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಇಂಥದೇ ಕೆಲಸಕ್ಕೆ ಕೈ ಹಾಕುವವರು ಮತ್ತೆ ಅದೇ ಕಲ್ಲಿಗೆ ಎಡವಬಾರದು, ಅಷ್ಟೇ ನನ್ನ ಆಸೆ. ಊರು, ಮನೆತನ, ಜನರ ಗುರುತು ಹೇಳುವುದಿಲ್ಲ. ಅವರನ್ನು ಅಕ್ಕ ಎಂದೇ ಬರೆಯುತ್ತೇನೆ, ಎದುರಿಗೂ ಹಾಗೇ ಕರೆಯುತ್ತಿದ್ದೆ. ನಾನು ವಿಶೇಷ ಶಿಕ್ಷಕ. ಅಕ್ಕನಿಗೆ ನಾನು ಮೇಷ್ಟ್ರು.

ಅಕ್ಕ ಕೇಳಿದ್ದು

ಅಕ್ಕನಿಗೆ ಆಗ 54 ವರ್ಷ. ಎಂಟನೇ ವಯಸ್ಸಿನಲ್ಲಿ ದಡಾರ ಬಂದು ಕಣ್ಣು ಹೋಯಿತು. ಮನೆಯವರು ದೂರದ ವಸತಿ ಶಾಲೆಗೆ ಸೇರಿಸಿದರು. ಅಲ್ಲಿ ಏಳನೇ ತರಗತಿವರೆಗೆ ಓದಿ, ಬ್ರೈಲ್ ಚೆನ್ನಾಗಿ ಕಲಿತು ಊರಿಗೆ ಬಂದರು. ಊರಲ್ಲಿ ಬ್ರೈಲ್ ಪುಸ್ತಕ ಎಲ್ಲಿಂದ ಬರಬೇಕು? ಹತ್ತಿರ ಹತ್ತಿರ 40 ವರ್ಷ ಬೆರಳಿಗೆ ಒಂದು ಅಕ್ಷರವೂ ಸಿಗಲಿಲ್ಲ. ಮೆಣಸು ಬಿಡಿಸಿದರು, ಅಡಿಕೆ ಸುಲಿದರು, ತಮ್ಮನ ಮಕ್ಕಳನ್ನು ಸಾಕಿದರು.

ಕಿವಿಗೆ ಮಾತ್ರ ಯಾವ ಬರವೂ ಇರಲಿಲ್ಲ. ಅವರ ತಂದೆ ದಿನಾ ಬೆಳಿಗ್ಗೆ ವಿಷ್ಣು ಸಹಸ್ರನಾಮ ಹೇಳುತ್ತಿದ್ದರು, ಗೀತೆಯ ಒಂದೊಂದು ಶ್ಲೋಕ ಓದಿ ಅರ್ಥ ಹೇಳುತ್ತಿದ್ದರು. ಸಹಸ್ರನಾಮ ಅಕ್ಕನಿಗೆ ಪೂರ್ತಿ ಬಾಯಿಪಾಠ. ಗೀತೆ ಅಷ್ಟು ಬರುತ್ತಿರಲಿಲ್ಲ. ತಂದೆ ಹೋದ ಮೇಲೆ ತಮ್ಮನ ಮಗಳು ಫೋನಿನಲ್ಲಿ ಗೀತೆಯ ಹಾಡಿಕೆ, ಪ್ರವಚನ ಎಲ್ಲ ಹಾಕಿಕೊಟ್ಟಳು.

ನಾನು ಮೊದಲ ಸಲ ಹೋದಾಗ ಮನೆಯವರು ಕೇಳಿದ್ದು ಒಂದೇ. "ಎಲ್ಲಾ ಫೋನಲ್ಲೇ ಇದೆಯಲ್ಲ ಮೇಷ್ಟ್ರೇ, ಇನ್ನು ಪುಸ್ತಕ ಯಾಕೆ?"

ಉತ್ತರ ಅಕ್ಕನೇ ಕೊಟ್ಟರು. ಸಹಸ್ರನಾಮದ ಮೊದಲ ಸಾಲು "ವಿಶ್ವಂ ವಿಷ್ಣುರ್ವಷಟ್ಕಾರೋ". ಅಕ್ಕ ಅದನ್ನು ಇಷ್ಟು ವರ್ಷ "ವಿಷ್ಣುರ್ವ, ಷಟ್ಕಾರ" ಎಂದು ಒಡೆದುಕೊಂಡಿದ್ದರಂತೆ. ಷಟ್ ಅಂದರೆ ಆರು, ಆರು ಏನೋ ಇರಬೇಕು ಅಂತ ಮನಸ್ಸಲ್ಲೇ ಅರ್ಥ ಮಾಡಿಕೊಂಡಿದ್ದರು. ಅದು ವಿಷ್ಣುಃ, ವಷಟ್ಕಾರಃ ಎಂಬ ಎರಡು ಹೆಸರು ಅಂತ ಒಂದು ಪ್ರವಚನದಲ್ಲಿ ಗೊತ್ತಾಯಿತು. "ನೀವು ಪುಸ್ತಕ ನೋಡಿದ್ರೆ ಒಂದೇ ದಿನದಲ್ಲಿ ತಿಳೀತಿತ್ತು. ನಂಗೆ ಇಷ್ಟು ವರ್ಷ ಬೇಕಾಯ್ತು. ಕೇಳಿದ್ದು ಸಾಕು, ನಾನು ಓದಬೇಕು" ಅಂದರು.

ಅಲ್ಲಿಗೆ ನನಗೆ ಕೆಲಸ ಏನು ಅಂತ ಸ್ಪಷ್ಟವಾಯಿತು. ಧ್ವನಿ ನಿಲ್ಲುವುದಿಲ್ಲ, ಹರಿದುಹೋಗುತ್ತದೆ. ಶ ಯಾವುದು, ಷ ಯಾವುದು, ಪದ ಎಲ್ಲಿ ಮುಗಿಯಿತು ಅಂತ ನಿಂತು ನೋಡಬೇಕಾದರೆ ಅಕ್ಷರವೇ ಬೇಕು.

ಮೊದಲು ಬೆರಳು

ಮುದ್ರಣಕ್ಕೆ ಓಡುವ ಮುಂಚೆ ಅಕ್ಕನ ಬೆರಳು ಇನ್ನೂ ಓದುತ್ತದಾ ಅಂತ ನೋಡಬೇಕಿತ್ತು. ಗೀತೆಯ 18 ಅಧ್ಯಾಯಗಳಲ್ಲಿ 12 ಮತ್ತು 15 ಅತಿ ಚಿಕ್ಕವು, ಒಂದೊಂದರಲ್ಲೂ 20 ಶ್ಲೋಕ. ನಾನು ಸ್ಲೇಟು (ಬ್ರೈಲ್ ಬರೆಯಲು ಹಾಳೆ ಸಿಕ್ಕಿಸುವ ಚೌಕಟ್ಟು), ಸ್ಟೈಲಸ್ (ಚುಕ್ಕಿ ಚುಚ್ಚುವ ಮೊನೆ) ಹಿಡಿದು 15ನೇ ಅಧ್ಯಾಯವನ್ನು ಕೈಯಲ್ಲೇ ಚುಚ್ಚಿದೆ. ಸ್ಲೇಟಿನಲ್ಲಿ ಬರೆಯುವಾಗ ಹಾಳೆಯ ಹಿಂದಿನಿಂದ, ಬಲದಿಂದ ಎಡಕ್ಕೆ ಚುಚ್ಚಬೇಕು. ತಿರುಗಿಸಿದಾಗ ಚುಕ್ಕಿ ಎದ್ದು ಎಡದಿಂದ ಬಲಕ್ಕೆ ಓದಲು ಬರುತ್ತದೆ.

ಅಕ್ಕನ ಬಲಗೈ ತೋರುಬೆರಳು ಅಡಿಕೆ ಸುಲಿದು ಸುಲಿದು ಜಡ್ಡುಗಟ್ಟಿತ್ತು. ಚುಕ್ಕಿ ಇದೆ ಅಂತ ಗೊತ್ತಾಗುತ್ತಿತ್ತು, ಎಷ್ಟು ಅಂತ ಗೊತ್ತಾಗುತ್ತಿರಲಿಲ್ಲ. ಎಡಗೈ ತೋರುಬೆರಳಿಗೆ ಚೆನ್ನಾಗಿ ಸಿಕ್ಕಿತು. ಎರಡು ವಾರದಲ್ಲಿ ಮೊದಲ ಪುಟ ಓದಿದರು.

ಮನೆಯಲ್ಲಿ ಒಂದು ಮುಜುಗರ ಹುಟ್ಟಿದ್ದು ಆಗಲೇ. ದೇವರ ಪುಸ್ತಕವನ್ನು ಎಡಗೈಯಲ್ಲಿ ಮುಟ್ಟಿ ಓದಬಹುದಾ? ಅಕ್ಕನೇ ಹಿಂಜರಿದು ಒಂದು ವಾರ ಓದು ನಿಲ್ಲಿಸಿದರು. ನಾನು ಏನೂ ಹೇಳಲಿಲ್ಲ. ಹೊರಗಿನವನು ವಾದ ಮಾಡಿ ಗೆಲ್ಲುವ ವಿಷಯ ಇದಲ್ಲ. ಮನೆಗೆ ಹಿರಿಯರಾದ ದೊಡ್ಡಪ್ಪ ಬಂದಾಗ ಅಕ್ಕ ಅವರನ್ನೇ ಕೇಳಿದರು. ಅವರು ಸ್ವಲ್ಪ ಹೊತ್ತು ಸುಮ್ಮನೆ ಕೂತು, "ಹಿರಿಯರ ಪಾದ ಹಿಡಿಯುವಾಗ ಎಡಗೈ ಬಿಟ್ಟು ಹಿಡೀತೀವೇನಮ್ಮಾ? ಎರಡೂ ಕೈ ಇಟ್ಟು ಓದು" ಅಂದರು. ಅವತ್ತಿನಿಂದ ಅಕ್ಕನ ಎಡಗೈ ಓದುತ್ತದೆ, ಬಲಗೈ ಸಾಲು ಹಿಡಿದುಕೊಂಡಿರುತ್ತದೆ. ಆ ಮಾತು ಮನೆಯ ಒಳಗಿನಿಂದಲೇ ಬಂದಿದ್ದಕ್ಕೆ ಕೆಲಸ ಮುಂದೆ ಸಾಗಿತು.

ಹಿಂದಿ ಪುಸ್ತಕ ಕಲಿಸಿದ್ದು

ಅದೇ ಸಮಯಕ್ಕೆ ಉತ್ತರದಲ್ಲಿದ್ದ ನೆಂಟರೊಬ್ಬರು ಹಿಂದಿ ಅರ್ಥ ಇರುವ ಬ್ರೈಲ್ ಗೀತೆಯ ಒಂದು ಸಂಪುಟ ತಂದುಕೊಟ್ಟರು. ಅಕ್ಕನಿಗೆ ಹಿಂದಿ ಬರುವುದಿಲ್ಲ. ಪಾಪ, ಪ್ರೀತಿಯಿಂದ ತಂದಿದ್ದಾರೆ ಅಂತ ಪಕ್ಕಕ್ಕಿಟ್ಟಿದ್ದರು. ಒಂದು ಮಧ್ಯಾಹ್ನ ಸುಮ್ನೆ ಬೆರಳಾಡಿಸಿ ನನಗೆ ಫೋನ್ ಮಾಡಿದರು. "ಮೇಷ್ಟ್ರೇ, ಶ್ಲೋಕ ಓದಕ್ಕೆ ಬರ್ತಿದೆ!"

ಬರಲೇಬೇಕು. ಲೂಯಿ ಬ್ರೈಲ್ 1824ರಲ್ಲಿ ರೂಪಿಸಿದ ಆರು ಚುಕ್ಕಿಯ ಪದ್ಧತಿಯನ್ನು ನಮ್ಮ ದೇಶದ ಭಾಷೆಗಳಿಗೆ ಹೊಂದಿಸಿ 1951ರಲ್ಲಿ ಭಾರತಿ ಬ್ರೈಲ್ ಎಂದು ಒಪ್ಪಿಕೊಂಡರು. ಕನ್ನಡದ ಕ, ಹಿಂದಿಯ ಕ, ಬಂಗಾಳಿಯ ಕ ಎಲ್ಲಕ್ಕೂ ಅವೇ ಎರಡು ಚುಕ್ಕಿ. ಕಣ್ಣಿಗೆ ಬೇರೆ ಬೇರೆ ಕಾಣುವ ಲಿಪಿಗಳು ಬೆರಳಿಗೆ ಒಂದೇ. ಕನ್ನಡಕ್ಕೆ ಎ, ಏ ಅಂತ ಹ್ರಸ್ವ ದೀರ್ಘ ಎರಡಿದೆ, ಸಂಸ್ಕೃತಕ್ಕೆ ದೀರ್ಘ ಏ ಮಾತ್ರ. ಹಿಂದಿ ಬ್ರೈಲಿನಲ್ಲಿ ಅದಕ್ಕೆ ಹಾಕುವ ಗುರುತೇ ನಮ್ಮ ಏ. ಹಾಗಾಗಿ ನಾಗರಿಯಿಂದ ಬಂದ ಸಂಸ್ಕೃತ ಶ್ಲೋಕವನ್ನು ಕನ್ನಡ ಬ್ರೈಲ್ ಗೊತ್ತಿರುವವರು ನೇರವಾಗಿ ಓದಬಹುದು. ಇಷ್ಟು ವರ್ಷ ಪಾಠ ಮಾಡಿದ ನನಗೆ ಇದು ಪುಸ್ತಕದಲ್ಲಿ ಗೊತ್ತಿತ್ತು. ಅದರಿಂದ ಒಬ್ಬರಿಗೆ ಇಷ್ಟು ಉಪಯೋಗ ಇದೆ ಅಂತ ಹೊಳೆದಿರಲಿಲ್ಲ. ಈಗ ಯಾರೇ ಕೇಳಿದರೂ ಮೊದಲು ಹೇಳುವುದು ಇದನ್ನೇ: ಬರೀ ಮೂಲ ಶ್ಲೋಕ ಸಾಕು ಅನ್ನುವವರು ಕನ್ನಡ ಪುಸ್ತಕಕ್ಕೆ ಕಾಯಬೇಡಿ, ಯಾವ ಭಾರತೀಯ ಭಾಷೆಯ ಬ್ರೈಲ್ ಪ್ರತಿ ಸಿಕ್ಕಿದರೂ ಒಮ್ಮೆ ಬೆರಳಿಟ್ಟು ನೋಡಿ.

ಅಕ್ಕನಿಗೆ ಅರ್ಥವೂ ಬೇಕಿತ್ತು, ಅದೂ ಕನ್ನಡದಲ್ಲಿ. ಆದ್ದರಿಂದ ನಾವೇ ಮಾಡುವುದು ಅಂತ ತೀರ್ಮಾನವಾಯಿತು. 2012ರ ತಿದ್ದುಪಡಿಯ ನಂತರ ನಮ್ಮ ಕೃತಿಸ್ವಾಮ್ಯ ಕಾಯ್ದೆ ಕಣ್ಣು ಕಾಣದವರ ಓದಿಗಾಗಿ ಲಾಭದ ಉದ್ದೇಶವಿಲ್ಲದೆ ಬ್ರೈಲ್ ಪ್ರತಿ ಮಾಡಲು ಅವಕಾಶ ಕೊಡುತ್ತದೆ. ಆದರೂ ಅರ್ಥ ಬರೆದವರ ಮನೆಯವರಿಗೆ ಒಂದು ಪತ್ರ ಬರೆದು ತಿಳಿಸಿದೆವು. ಅವರು ಸಂತೋಷದಿಂದ ಒಪ್ಪಿದರು. ಒಂದು ಮುದ್ರಣಾಲಯದಲ್ಲಿ ಆ ಪುಸ್ತಕದ ಹಳೆಯ ಕಂಪ್ಯೂಟರ್ ಫೈಲೂ ಸಿಕ್ಕಿತು. ಅರ್ಧ ಕೆಲಸ ಮುಗಿಯಿತು ಅಂದುಕೊಂಡೆವು.

ಒಂಬತ್ತು ಎಲ್ಲಿಂದ ಬಂತು?

ಫೈಲನ್ನು ಈಗಿನ ತಂತ್ರಾಂಶಗಳು ಓದುವ ಯೂನಿಕೋಡ್ ಅಕ್ಷರಕ್ಕೆ ಬದಲಾಯಿಸಿದೆವು. ನಿವೃತ್ತ ಸಂಸ್ಕೃತ ಅಧ್ಯಾಪಕರೊಬ್ಬರು ಪರದೆಯ ಮೇಲೆ ಒಂದು ಸಲ ಓದಿ ಸರಿ ಇದೆ ಅಂದರು. ನಾನೂ ಓದಿದೆ. ತಂತ್ರಾಂಶ ಅದನ್ನು ಬ್ರೈಲಿಗೆ ತಿರುಗಿಸಿತು. ಒಂದು ಸಂಸ್ಥೆಯವರು ತಮ್ಮ ಬ್ರೈಲ್ ಮುದ್ರಣ ಯಂತ್ರದಲ್ಲಿ ಮೊದಲ ಆರು ಅಧ್ಯಾಯ ಹೊಡೆದುಕೊಟ್ಟರು. ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದೆ.

ಅಕ್ಕ ಕೈ ತೊಳೆದು, ಒರೆಸಿಕೊಂಡು, ಪುಸ್ತಕಕ್ಕೆ ನಮಸ್ಕಾರ ಮಾಡಿ ತೆರೆದರು. ಮನೆಯವರೆಲ್ಲ ಸುತ್ತ ಕೂತಿದ್ದರು. ಬೆರಳು ಮೊದಲ ಶ್ಲೋಕಕ್ಕೆ ಬಂತು. "ಧ... ಮ... ಒಂಬತ್ತು..." ಅಕ್ಕ ನಿಂತರು. ಮತ್ತೆ ಹಿಂದೆ ಹೋದರು. "ಧಮ ಒಂಬತ್ತು ಕ್ಷೇತ್ರೇ. ಇದೇನು ಮೇಷ್ಟ್ರೇ?"

ನನಗೆ ಮುಖ ಎತ್ತಲಾಗಲಿಲ್ಲ. ಅಲ್ಲೇ ಕೂತು ಫೈಲು ತೆಗೆದು ನೋಡಿದೆ. ಕನ್ನಡದಲ್ಲಿ ಅರ್ಕಾವತ್ತು ಮತ್ತು ಕನ್ನಡ ಅಂಕಿ ೯ ನೋಡಲು ಒಂದೇ ಥರ. ಟೈಪ್ ಮಾಡಿದವರು ಎಲ್ಲ ಕಡೆ "ಧಮ೯" ಅಂತ ಅಂಕಿಯನ್ನೇ ಒತ್ತಿದ್ದರು. ನಮ್ಮ ಕಣ್ಣು ಅದನ್ನು ಧರ್ಮ ಅಂತಲೇ ಓದಿಕೊಂಡಿತ್ತು. ಬ್ರೈಲಿನಲ್ಲಿ ಅಂಕಿಗೆ ಮುಂಚೆ ಒಂದು ಸಂಖ್ಯೆಯ ಗುರುತು ಬರುತ್ತದೆ, ಆಮೇಲೆ ಇ ಅಕ್ಷರದ ಚುಕ್ಕಿಗಳೇ ಒಂಬತ್ತಾಗುತ್ತವೆ. ಬೆರಳಿಗೆ ಸಿಕ್ಕಿದ್ದು ಫೈಲಿನಲ್ಲಿ ನಿಜವಾಗಿ ಏನಿತ್ತೋ ಅದು.

ಹುಡುಕುತ್ತಾ ಹೋದರೆ ಅದೊಂದೇ ಅಲ್ಲ. ಅನುಸ್ವಾರದ ಜಾಗದಲ್ಲಿ ಸೊನ್ನೆ ಇತ್ತು. "ಸಂಜಯ" ಬೆರಳಿಗೆ "ಸ ಸೊನ್ನೆ ಜಯ" ಆಗಿತ್ತು. ವಿಸರ್ಗದ ಜಾಗದಲ್ಲಿ ಎರಡು ಚುಕ್ಕಿಯ ವಿರಾಮ ಚಿಹ್ನೆ ಇತ್ತು. "ಮಾಮಕಾಃ" ಅನ್ನುವಲ್ಲಿ ಸಾಲು ಅಲ್ಲೇ ನಿಂತ ಹಾಗೆ. ಅಂಗಡಿ ಬೋರ್ಡು, ಮದುವೆ ಕಾಗದ ಎಲ್ಲದರಲ್ಲೂ ಈ ರೂಢಿ ಇದೆ, ಕಣ್ಣಿನವರಿಗೆ ಅದರಿಂದ ತೊಂದರೆ ಆಗುವುದೇ ಇಲ್ಲ.

ಇಲ್ಲಿ ನಮ್ಮೊಳಗೇ ಮಾತು ಬಂತು. ಒಬ್ಬರು, "ಇಷ್ಟು ಗೊತ್ತಾದ ಮೇಲೆ ಹೊಂದಿಸಿಕೊಂಡು ಓದಬಹುದಲ್ವಾ? ದಪ್ಪ ಹಾಳೆ, ದುಬಾರಿ, ಇನ್ನೊಂದು ಸಲ ಯಂತ್ರ ಕೇಳುವುದು ಹೇಗೆ?" ಅಂದರು. ನಾನೂ ಒಳಗೊಳಗೆ ಹಾಗೇ ಯೋಚಿಸುತ್ತಿದ್ದೆ. ಅಕ್ಕ ಮೆಲ್ಲಗೆ ಕೇಳಿದರು. "ನಿಮ್ಮ ಪುಸ್ತಕದಲ್ಲಿ ಹೀಗೆ ಅಚ್ಚಾಗಿದ್ರೆ ದೇವರ ಮುಂದೆ ಇಡ್ತಿದ್ರಾ?"

ಯಾರೂ ಮಾತಾಡಲಿಲ್ಲ. ಎಲ್ಲ ಮತ್ತೆ ಮಾಡುವುದು ಅಂತಾಯಿತು. ನನ್ನ ಲೆಕ್ಕದಲ್ಲಿ ಈ ಇಡೀ ಪ್ರಕರಣ ತಿರುಗಿದ್ದು ಅಲ್ಲಿ. ಕಣ್ಣು ಕಾಣದವರಿಗೆ ಕೊಡುವಾಗ ಸಿಕ್ಕಿದ್ದೇ ಭಾಗ್ಯ ಅನ್ನುವ ಒಂದು ಭಾವನೆ ನಮಗೆ ಗೊತ್ತಿಲ್ಲದೆ ಕೂತಿರುತ್ತದೆ. ಅದನ್ನು ಅಕ್ಕ ಒಂದು ಪ್ರಶ್ನೆಯಲ್ಲಿ ತೆಗೆದುಹಾಕಿದರು.

ತಪ್ಪಾದ ಹಾಳೆಗಳನ್ನು ರದ್ದಿಗೆ ಹಾಕಲು ಅಕ್ಕ ಒಪ್ಪಲಿಲ್ಲ. ಅರ್ಧ ತಪ್ಪಾದರೂ ಅದು ಗೀತೆಯೇ ಅಂದರು. ಅವನ್ನು ಬಟ್ಟೆಯಲ್ಲಿ ಕಟ್ಟಿಟ್ಟಿದ್ದಾರೆ. ಬೆರಳು ಮಂಕಾದ ದಿನ ಅಭ್ಯಾಸಕ್ಕೆ ಅದನ್ನೇ ತೆಗೆಯುತ್ತಾರೆ.

ತಿದ್ದಿದ ರೀತಿ

ಸೊನ್ನೆಯನ್ನೆಲ್ಲ ಒಂದೇ ಸಲ ಅನುಸ್ವಾರ ಮಾಡಿಬಿಡೋಣ ಅಂದರೆ ಆಗುವುದಿಲ್ಲ. ಶ್ಲೋಕದ ಸಂಖ್ಯೆ ೧೦, ೨೦ರಲ್ಲಿ ಇರುವುದು ನಿಜವಾದ ಸೊನ್ನೆ. ಆದ್ದರಿಂದ ಮೊದಲು ಶ್ಲೋಕ ಸಂಖ್ಯೆಗಳನ್ನೆಲ್ಲ ಇಂಗ್ಲಿಷ್ ಅಂಕಿಗೆ ಬದಲಾಯಿಸಿದೆವು. ಆಮೇಲೆ ಉಳಿದ ಕನ್ನಡ ಅಂಕಿ ಎಲ್ಲ ತಪ್ಪೇ ಅಂತಾಯಿತು. ಇಷ್ಟು ಸಣ್ಣ ಉಪಾಯ ಹೊಳೆಯಲು ಒಂದು ತಿಂಗಳು ಹಿಡಿಯಿತು, ಅದಕ್ಕೇ ಬರೆಯುತ್ತಿದ್ದೇನೆ. ೯ರ ಕೆಲಸ ಇನ್ನೂ ಸೂಕ್ಷ್ಮ. "ಧಮ೯" ಎಂಬಲ್ಲಿ ಅಂಕಿ ಮ ಆದ ಮೇಲೆ ಇದೆ, ಆದರೆ ಉಚ್ಚಾರದಲ್ಲಿ ರ್ ಬರುವುದು ಮ ಮುಂಚೆ. ಬ್ರೈಲ್ ಉಚ್ಚಾರದ ಸಾಲು ಹಿಡಿದು ನಡೆಯುತ್ತದೆ: ಧ, ಅರ್ಧಾಕ್ಷರದ ಗುರುತಾಗಿ ಒಂದು ಚುಕ್ಕಿ, ರ, ಮ. ಹಾಗಾಗಿ ಅಂಕಿ ಅಳಿಸಿ ರ್ ಅನ್ನು ಹಿಂದಿನ ಅಕ್ಷರಕ್ಕಿಂತ ಮುಂಚೆ ತಂದು ಕೂರಿಸಬೇಕು. ಇದನ್ನು ತಮ್ಮನ ಮಗಳು ಒಂದೊಂದೇ ಪದ ನೋಡಿ ಮಾಡಿದಳು.

700 ಶ್ಲೋಕ, ಜೊತೆಗೆ ಅರ್ಥ. ಈ ಸಲ ಕರಡು ತಿದ್ದುವ ಕೆಲಸ ಬೆರಳಿಗೇ ಕೊಟ್ಟೆವು. ಒಂದೊಂದು ಅಧ್ಯಾಯದ ಒಂದೇ ಪ್ರತಿ ತೆಗೆಸುವುದು, ಅಕ್ಕ ಬೆರಳಲ್ಲಿ ಓದಿ ಜೋರಾಗಿ ಹೇಳುವುದು, ಹುಡುಗಿ ಅಚ್ಚಿನ ಪುಸ್ತಕ ಹಿಡಿದು ಹೊಂದಿಸುವುದು. ಸಂಜೆ ದೀಪ ಹಚ್ಚಿದ ಮೇಲೆ ಸೋದರತ್ತೆ, ಸೊಸೆ ಇಬ್ಬರೂ ಕೂತರೆ ಊಟದ ಹೊತ್ತಿಗೆ ಏಳುತ್ತಿದ್ದರು. ಅತ್ತೆ ತಪ್ಪು ಹಿಡಿದಾಗಲೆಲ್ಲ ಹುಡುಗಿಗೆ ಸಂಭ್ರಮ.

ಗೀತೆಯಲ್ಲಿ ಈ ವ್ಯವಸ್ಥೆ ಚೆನ್ನಾಗಿ ನಡೆಯಿತು. ಆ ಧೈರ್ಯದಲ್ಲಿ ಸಹಸ್ರನಾಮವನ್ನೂ ಜೊತೆಗೆ ಎತ್ತಿಕೊಂಡೆವು. ಎರಡನೇ ಸಲ ಎಡವಿದ್ದು ಅಲ್ಲಿ. ಮೊದಲ ಶ್ಲೋಕ "ಭೂತಾತ್ಮಾ ಭೂತಭಾವನಃ" ಎಂದು ಮುಗಿಯುತ್ತದೆ. ಎರಡನೆಯದು "ಪೂತಾತ್ಮಾ ಪರಮಾತ್ಮಾ ಚ" ಎಂದು ಶುರುವಾಗುತ್ತದೆ. ನಮ್ಮ ಫೈಲಿನಲ್ಲಿ ಎರಡು ಕಡೆಯೂ ಭೂತಾತ್ಮಾ ಆಗಿತ್ತು. ಅಕ್ಕನ ಬೆರಳು ಭೂ ಮೇಲೆ ಇತ್ತು, ಬಾಯಿ ಪೂ ಅಂದಿತು. ಹುಡುಗಿಯ ಕೈಯ ಪುಸ್ತಕದಲ್ಲಿ ಪೂ ಇತ್ತು, ಅವಳು ಸರಿ ಗುರುತು ಹಾಕಿದಳು. ಬಾಯಿಪಾಠ ಬೆರಳನ್ನು ಎಳೆದುಕೊಂಡು ಹೋಗಿಬಿಟ್ಟಿತ್ತು.

ಇದು ಸಿಕ್ಕಿದ್ದು ಹಾಸನದ ನನ್ನ ಒಬ್ಬ ಹಳೆಯ ವಿದ್ಯಾರ್ಥಿಯಿಂದ. ಅವನಿಗೂ ಕಣ್ಣಿಲ್ಲ. ಸಹಸ್ರನಾಮ ಅವನಿಗೆ ಬರುವುದಿಲ್ಲ. "ಸಾರ್, ಒಂದೇ ಹೆಸರು ಪಕ್ಕಪಕ್ಕ ಎರಡು ಸಲ ಇದೆ" ಅಂದ. ಅಕ್ಕನಿಗೆ ಹೇಳಿದಾಗ ಬಹಳ ಬೇಜಾರಾಯಿತು. ಆದರೆ ಪರಿಹಾರ ಹುಡುಕಿದ್ದೂ ಅವರೇ. "ಹಿಂದಿನಿಂದ ಓದ್ತೀನಿ. ಆಗ ಬಾಯಿಗೆ ಮುಂದಿನದು ಗೊತ್ತಿರಲ್ಲ." ಕೊನೆಯ ಪದದಿಂದ ಮೊದಲ ಪದಕ್ಕೆ, ಒಂದೊಂದೇ ಪದ. ಹಾಗೆ ಓದಿದಾಗ ಇನ್ನೂ ಹನ್ನೊಂದು ತಪ್ಪು ಸಿಕ್ಕಿದವು. ಯಾವುದು ಬಾಯಿಗೆ ಬರುತ್ತದೋ ಅದನ್ನು ಹಿಂದಿನಿಂದ ತಿದ್ದಬೇಕು. ಆಗದಿದ್ದರೆ ಅದು ಬಾರದವರ ಕೈಗೆ ಕೊಡಬೇಕು. ಗೀತೆಯ ಕರಡು ಸುಲಭವಾಗಿದ್ದು ಅಕ್ಕನಿಗೆ ಅದು ಬಾಯಿಪಾಠ ಇಲ್ಲದ್ದಕ್ಕೇ ಅಂತ ಆಮೇಲೆ ಅರ್ಥವಾಯಿತು.

ಮಳೆಗಾಲ

ಗೀತೆ ಮುಗಿದಾಗ ಅಂಗೈ ಅಗಲದ ಪುಸ್ತಕ ನಾಲ್ಕು ದೊಡ್ಡ ಸಂಪುಟವಾಗಿತ್ತು. ಬ್ರೈಲ್ ಪುಟದಲ್ಲಿ ಸುಮಾರು 25 ಸಾಲು, ಸಾಲಿಗೆ ಸುಮಾರು 40 ಮನೆ. ಆರು ಚುಕ್ಕಿಯ ಒಂದು ಜಾಗಕ್ಕೆ ನಾವು ಮನೆ ಅನ್ನುತ್ತೇವೆ. ಕನ್ನಡದ ಕಾ, ಕಿ ಥರದ ಒಂದು ಅಕ್ಷರಕ್ಕೆ ಎರಡು, ಒತ್ತಕ್ಷರಕ್ಕೆ ಸಾಮಾನ್ಯವಾಗಿ ಮೂರು ನಾಲ್ಕು ಮನೆ ಹೋಗುತ್ತದೆ.

ಮನೆಯವರು ಭಕ್ತಿಯಿಂದ ನಾಲ್ಕನ್ನೂ ದೇವರ ಕೋಣೆಯಲ್ಲಿ ಒಂದರ ಮೇಲೊಂದು ಇಟ್ಟರು. ಜೂನ್ ಬಂತು. ಮೂಡಿಗೆರೆ ಮಳೆ ಗೊತ್ತಲ್ಲ, ಗೋಡೆಯೇ ಬೆವರುತ್ತದೆ. ಆಗಸ್ಟಿನಲ್ಲಿ ತೆಗೆದರೆ ಹಾಳೆ ಮೆತ್ತಗಾಗಿ, ಕೆಳಗಿದ್ದ ಸಂಪುಟದ ಚುಕ್ಕಿ ಅರ್ಧ ಕೂತಿತ್ತು. ದೀಪದ ಎಣ್ಣೆಯ ಕೈ ತಾಗಿದ ಕಡೆ ಧೂಳು ಮೆತ್ತಿಕೊಂಡಿತ್ತು. ಒಂದು ಸಂಪುಟ ಮತ್ತೆ ಮುದ್ರಿಸಬೇಕಾಯಿತು. ತಪ್ಪು ನನ್ನದು. ಇಡುವುದು ಹೇಗೆ ಅಂತ ಕೊಡುವ ದಿನವೇ ಹೇಳಬೇಕಿತ್ತು. ಈಗ ಸ್ಟೀಲ್ ಬೀರುವಿನಲ್ಲಿ ಸಾಲಾಗಿ ನಿಲ್ಲಿಸಿದ್ದಾರೆ, ಮೇಲೆ ಏನೂ ಹೇರುವುದಿಲ್ಲ. ಓದುವ ಮುಂಚೆ ಕೈ ಪೂರ್ತಿ ಒಣಗಬೇಕು. ವ್ಯಾಸಪೀಠವೂ ಆಗಲಿಲ್ಲ, ಅದರ ಇಳಿಜಾರಿನಲ್ಲಿ ಅಷ್ಟು ದೊಡ್ಡ ಪುಸ್ತಕ ಚಪ್ಪಟೆ ಕೂರುವುದಿಲ್ಲ. ಅಟ್ಟದ ಮೇಲಿದ್ದ ಶಾನುಭೋಗರ ಕಾಲದ ಹಳೇ ಡೆಸ್ಕನ್ನು ಇಳಿಸಿ ಒರೆಸಿದರು. ಅದೇ ಈಗ ಅಕ್ಕನ ವ್ಯಾಸಪೀಠ.

ಈಗ

ಅಕ್ಕ ದಿನಾ ಎರಡು ಶ್ಲೋಕ, ಅರ್ಥ ಸಮೇತ ಓದುತ್ತಾರೆ. ಜಾಸ್ತಿ ಓದುವುದಿಲ್ಲ. ಹಿಂದೆ ಹೋಗಿ, ನಿಂತು, ಮತ್ತೆ ಮುಟ್ಟಿ ನೋಡುತ್ತಾರೆ. ತಿದ್ದಿದ ಫೈಲನ್ನು ಯಂತ್ರ ಕೊಟ್ಟ ಸಂಸ್ಥೆಗೇ ಕೊಟ್ಟಿದ್ದೇವೆ. ಆ ನಾಲ್ಕು ಸಂಪುಟಕ್ಕಿಂತ ಆ ಫೈಲು ದೊಡ್ಡ ಆಸ್ತಿ ಅಂತ ನನ್ನ ನಂಬಿಕೆ. ಅದರಿಂದ ಇನ್ನೂ ಮೂರು ಜನಕ್ಕೆ ಪ್ರತಿ ಹೋಗಿದೆ.

ಅಕ್ಕ ಈಗ ಜೈಮಿನಿ ಭಾರತವೂ ಬ್ರೈಲಿನಲ್ಲಿ ಬೇಕು ಅಂತ ಕೇಳುತ್ತಿದ್ದಾರೆ. ಶ್ರಾವಣದಲ್ಲಿ ಆ ಮನೆಯಲ್ಲಿ ಗಮಕ ಓದಿಸುವ ಪದ್ಧತಿ ಇತ್ತು. ಅದನ್ನು ಬರೆದ ಲಕ್ಷ್ಮೀಶ ನಮ್ಮ ಜಿಲ್ಲೆಯವನೇ, ಕಡೂರು ತಾಲೂಕಿನ ದೇವನೂರಿನವನು, ಅವನ ಪದ್ಯ ನಮ್ಮ ಬೆರಳಿಗೆ ಸಿಗದೆ ಇರಬಾರದು ಅಂತ ಅಕ್ಕನ ಹಟ. 34 ಸಂಧಿ. ಎಲ್ಲ ವಾರ್ಧಕ ಷಟ್ಪದಿ, ಅಂದರೆ ಆರಾರು ಸಾಲಿನ ಪದ್ಯ. ಮೊದಲ ಸಂಧಿಯ ಕೆಲವು ಪದ್ಯ ಸ್ಲೇಟಿನಲ್ಲಿ ಬರೆದುಕೊಟ್ಟೆ. 20 ಮಾತ್ರೆಯ ಸಾಲುಗಳು 40 ಮನೆಯೊಳಗೆ ಕೂತವು. ಮೂರನೆಯ ಮತ್ತು ಆರನೆಯ ಸಾಲಿಗೆ 32 ಮಾತ್ರೆ, ಅವು ಹಿಡಿಸಲಿಲ್ಲ. ಜಾಗ ಮುಗಿದ ಕಡೆ ಮುರಿದು ಕೆಳಗೆ ಬರೆದಿದ್ದೆ.

ಅಕ್ಕ ಓದಿ ತಲೆ ಅಲ್ಲಾಡಿಸಿದರು. "ಇಲ್ಲಿ ಮುರೀಬೇಡಿ ಮೇಷ್ಟ್ರೇ. ಐದೈದು ಮಾತ್ರೆಗೆ ಉಸಿರು ನಿಲ್ಲುತ್ತಲ್ಲ, ಅಲ್ಲಿ ಮುರೀರಿ. ಕೆಳಗಿನ ಸಾಲು ಎರಡು ಮನೆ ಬಿಟ್ಟು ಶುರು ಮಾಡಿ. ಆಗ ಬೆರಳಿಗೆ ಇದು ಹೊಸ ಸಾಲಲ್ಲ, ಹಳೇದೇ ಮುಂದುವರಿದಿದೆ ಅಂತ ಗೊತ್ತಾಗುತ್ತೆ." ಆಮೇಲೆ ಎಡಗೈ ಬೆರಳು ಮೊದಲ ಸಾಲಿಗೆ ಹೋಯಿತು. ಅಕ್ಕ ರಾಗ ಎತ್ತಿಕೊಂಡರು. ನಾನು ಹೊಸ ಹಾಳೆ ಸಿಕ್ಕಿಸಿಕೊಂಡು, ಅವರು ಉಸಿರು ನಿಲ್ಲಿಸುವ ಕಡೆ ಕಿವಿ ಕೊಟ್ಟು ಕೂತೆ.